ಬೆಳಗಾದರೆ ಇಳಿಯುವ ಬ್ಯಾಟರಿ

ಹೊಸನಗರದ ಕಾರು ಎಲೆಕ್ಟ್ರಿಷಿಯನ್ ಒಬ್ಬರ ನಿಧಾನ ನನ್ನ ಸಹನೆಯನ್ನೇ ತಿಂದುಹಾಕಿತು. ನಿಲ್ಲಿಸಿದ ಕಾರು ಬೆಳಿಗ್ಗೆ ಚಾಲೂ ಆಗದೆ ನಾನು ಭಾಷಣ ಮಾಡಬೇಕಿದ್ದ ಮೇಳಿಗೆಯ ಪಾನನಿರೋಧ ಸಭೆ ಎರಡು ಬಾರಿ ತಪ್ಪಿತ್ತು; ಅಂದು ಸಂಜೆಯ ಮೂರನೆಯದೂ ತಪ್ಪಿದರೆ ಅಲ್ಲಿನ ಹೆಂಗಸರು ನನ್ನನ್ನು ನಂಬುತ್ತಿರಲಿಲ್ಲ. ಹೊಸ ಬ್ಯಾಟರಿಯೇ ಪರಿಹಾರವೆಂದು ನಾನು ಸಕಾರಣವಾಗಿ ವಾದಿಸಿದೆ.

"ಒಂದೊಂದೇ ನೋಡನ ಸಾರ್," ಎಂದು ಅವರು, ನಿಂತ ಕಾರಿನಲ್ಲಿ ಕರೆಂಟು ಎಲ್ಲಿ ಸೋರುತ್ತಿದೆಯೆಂದು ತಿಳಿಯಲು ಬ್ಯಾಟರಿಗೆ ಮೀಟರ್ ಜೋಡಿಸಿದರು. ಫ್ಯೂಸ್ ಕಿತ್ತು, ಮೀಟರ್ ನೋಡಿ, ಫ್ಯೂಸನ್ನು ಅಂಗಿಗೆ ಒರೆಸಿ ಮತ್ತೆ ಸಿಕ್ಕಿಸುವರು. ಮಧ್ಯಾಹ್ನದವರೆಗೂ ಇದೇ. ಫ್ಯೂಸ್‌ಗಳೆಲ್ಲ ಮುಗಿದರೂ ಸೋರಿಕೆ ತೋರಿಸುವ ಅಂಕಿ ಕದಲಲಿಲ್ಲ.

ಕೊನೆಗೆ ಸೀಟಿನಡಿ ಕೈಹಾಕಿ, ಪ್ರಚಾರಕ್ಕೆಂದು ನಾನೇ ನೇರ ಬ್ಯಾಟರಿಗೆ ಜೋಡಿಸಿದ್ದ ಧ್ವನಿವರ್ಧಕದ ತಂತಿ ಎಳೆದರು. ಅಂಕಿ ಸೊನ್ನೆಗಿಳಿಯಿತು.

"ಭಾಷಣ ಮುಗ್ಸಿ ನೀವು ಮಲಗ್ತೀರಿ ಸಾರ್. ಇದು ಮಲಗ್ತಾನೇ ಇಲ್ಲ."

ಧ್ವನಿವರ್ಧಕವನ್ನು ಅವರಲ್ಲೇ ಬಿಟ್ಟು ಮೇಳಿಗೆಗೆ ಹೋದೆ. ಅಂದು ಹೆಂಗಸರು ಒಬ್ಬೊಬ್ಬರಾಗಿ ಮಾತಾಡಿದರು. ನಾನು ಕೇಳುತ್ತ ಕುಳಿತೆ.