ಗೌರಿಗೆ ನಾವು ಹಾಕಿದ ಹಾಲನ್ನ

ಬೆಕ್ಕು ಕಿಟಕಿಗೆ ಹಾರಿತು. ಕಿಟಕಿ ಸಿಗಲಿಲ್ಲ.

ಮೂರು ವರ್ಷದಿಂದ ದಿನಾ ಹಾರುತ್ತಿದ್ದ ಕಿಟಕಿ ಅದು. ಗೌರಿ ಗೋಡೆಗೆ ಬಡಿದು ಕೆಳಗಿದ್ದ ಕೊಡದ ಮೇಲೆ ಬಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ನೋಡಿ ನಕ್ಕೆ. ಆ ನಗು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಇದಾಗಿ ಈಗ ಎಂಟು ತಿಂಗಳು.

ಮಸ್ಕಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನಾನು, ನಮ್ಮ ಮನೆಯವರು, ಅತ್ತೆ, ಇಷ್ಟೇ ಜನ. ಗೌರಿ ಇನ್ನೂ ಕಣ್ಣು ಬಿಡದ ಮರಿಯಾಗಿದ್ದಾಗ ಅತ್ತೆ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಇಲಿಗೆಂದು ಯಾರೋ ಇಟ್ಟ ವಿಷದಿಂದ ತಾಯಿಬೆಕ್ಕು ಸತ್ತಿತ್ತು. ಅತ್ತೆ ಹತ್ತಿಯನ್ನು ಹಾಲಿನಲ್ಲಿ ಅದ್ದಿ ಕುಡಿಸಿ, ತೊಡೆಯ ಮೇಲೆ ಮಲಗಿಸಿಕೊಂಡು ಬದುಕಿಸಿದರು. ಅವರ ಮೇಲೆ ಎಷ್ಟೇ ಸಿಟ್ಟಿದ್ದರೂ ಅದನ್ನು ನಾನು ಮರೆಯುವಂತಿಲ್ಲ.

ಆಮೇಲೆ ಶುರುವಾದದ್ದು ಹೆಮ್ಮೆ. ಬೆಳಗ್ಗೆ ಪೂಜೆ ಮುಗಿಸಿ ಅತ್ತೆ ಗೌರಿಯ ಹಣೆಗೂ ಒಂದು ಗೆರೆ ವಿಭೂತಿ ಎಳೆಯುವರು. ಹೊತ್ತೇರುವ ಮೊದಲು ಹಾಲನ್ನ, ಮಧ್ಯಾಹ್ನ ಮೊಸರನ್ನ, ಸಂಜೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ಮನೆಗೆ ಬಂದವರಿಗೆಲ್ಲ ಹೇಳುವರು, “ನಮ್ಮ ಗೌರಿ ಶರಣರ ಮನಿ ಬೆಕ್ಕು ನೋಡ್ರಿ. ಇಲಿ ಕಂಡ್ರ ಮುಖ ತಿರುವತಾಳ.”

ಅದು ಸುಳ್ಳು. ಗೌರಿ ಎಂದೂ ಮುಖ ತಿರುಗಿಸಲಿಲ್ಲ. ಅವಳು ಹಲ್ಲಿ ಹಿಡಿದಾಗ, ಮಾಳಿಗೆಯ ಮೇಲೆ ಗುಬ್ಬಿ ಹಿಡಿದಾಗ, ಬಾಯಿಂದ ಕಿತ್ತು ಎಸೆದವಳು ನಾನು. ಆ ಬಾಯಿ ತೊಳೆದವಳೂ ನಾನು. ಕೊನೆಗೆ ಮಾಳಿಗೆಯ ಬಾಗಿಲನ್ನೇ ಮುಚ್ಚಿಬಿಟ್ಟೆವು. ಬಂದವರು ನಮ್ಮ ಬೆಕ್ಕನ್ನು ಹೊಗಳುವಾಗ ನಾನೂ ಪಕ್ಕದಲ್ಲಿ ನಿಂತು ಹಿಗ್ಗುತ್ತಿದ್ದೆ.

ಕಿಟಕಿಯಿಂದ ಬಿದ್ದ ಮೇಲೆ ಗಮನಿಸತೊಡಗಿದೆ. ಗೌರಿ ರುಬ್ಬುವ ಒಳಕಲ್ಲಿಗೆ ಮುಖ ಬಡಿದುಕೊಳ್ಳುತ್ತಿದ್ದಳು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬೆಕ್ಕಿನ ಕಣ್ಣಿನ ಪಾಪೆ ಎಳೆಯಷ್ಟು ಸಣ್ಣದಾಗಬೇಕು. ಇವಳದು ಅಗಲವಾಗಿ, ಕಪ್ಪಗೆ, ಬಾವಿಯಂತೆ ತೆರೆದೇ ಇತ್ತು. ಎರಡು ಹೆಜ್ಜೆ ಓಡಿದರೆ ಏದುಸಿರು.

ದನಗಳಿಗೆ ಸೂಜಿ ಹಾಕುತ್ತ ಓಡಾಡುವ ಒಬ್ಬ ಕಾಂಪೌಂಡರನ್ನು ನಮ್ಮ ಮನೆಯವರು ಕರೆತಂದರು. “ವಿಟಮಿನ್ ಕಮ್ಮಿ ಆಗೈತಿ,” ಎಂದು ಅವನು ಇಂಜೆಕ್ಷನ್ ಹಾಕಿದ. ವಾರ ಬಿಟ್ಟು ಇನ್ನೊಂದು. ಮತ್ತೊಂದು. ಕಣ್ಣಿಗೆ ಡ್ರಾಪ್ಸ್, ಹಾಲಿಗೆ ಹಾಕಲು ಮಕ್ಕಳು ಕುಡಿಯುವ ಕೆಂಪು ಟಾನಿಕ್. ಆ ಟಾನಿಕ್ಕಿನ ವಾಸನೆಗೆ ಗೌರಿ ಹಾಲನ್ನೂ ಬಿಟ್ಟಳು. ಒಂದು ತಿಂಗಳು ಹೀಗೇ ಹೋಯಿತು. ಅವಳು ಏನು ತಿನ್ನುತ್ತಾಳೆ ಎಂದು ಆ ಮನುಷ್ಯ ಒಂದು ಸಲವೂ ಕೇಳಲಿಲ್ಲ.

ಕೊನೆಗೆ ನಾನೇ ಗೌರಿಯನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಬಟ್ಟೆ ಕಟ್ಟಿ, ಲಿಂಗಸೂಗೂರಿನ ಬಸ್ ಹತ್ತಿದೆ. ದನದ ದವಾಖಾನೆಯಲ್ಲಿ ಎತ್ತು, ಎಮ್ಮೆ ಹಿಡಿದುಕೊಂಡು ನಿಂತವರು ಬುಟ್ಟಿ ನೋಡಿ ನಕ್ಕರು. “ಬೆಕ್ಕಿಗೂ ದವಾಖಾನಿ ಏನಬೇ?” ಎಂದ ಒಬ್ಬ. ನಾನು ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.

ಡಾಕ್ಟರು ಹೊಸದಾಗಿ ಬಂದವರು, ಎಳೆಯ ವಯಸ್ಸು. ಅವರು ನಗಲಿಲ್ಲ. ಟಾರ್ಚ್ ಹಿಡಿದು ಬಹಳ ಹೊತ್ತು ಕಣ್ಣು ನೋಡಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು.

“ಏನ್ ತಿಂತೈತ್ರಿ ಇದು?”

“ಹಾಲನ್ನರೀ. ಮೊಸರನ್ನ.”

“ಮತ್ತ?”

“ಅಷ್ಟರೀ. ನಾವು ಶರಣರ ಪೈಕಿ.”

“ನೀವು ಆದ್ರಿ. ಬೆಕ್ಕು?”

ನನ್ನ ಮುಖಕ್ಕೆ ಹೊಡೆದಂತಾಯಿತು.

ಅವರು ಕಪಾಟಿನಿಂದ ಕಾಲೇಜಿನ ನೋಟ್ಸ್ ತೆಗೆದು, ಹಾಳೆ ತಿರುವಿ, ನಿಧಾನವಾಗಿ ಹೇಳಿದರು. “ಟಾರಿನ್ ಅಂತ ಒಂದು ಸತ್ವ ಐತ್ರಿ. ಮಾಂಸದಾಗ, ಮೀನದಾಗ ಇರತೈತಿ. ನಾಯಿ ಅದನ್ನ ತನ್ನ ಮೈಯಾಗ ಮಾಡಿಕೊಂತೈತಿ. ಬೆಕ್ಕಿಗೆ ಬೇಕಾದಷ್ಟು ಮಾಡಿಕೊಳ್ಳಾಕ ಬರಂಗಿಲ್ಲ. ಅದು ಸಿಗಲಿಲ್ಲಂದ್ರ ಕಣ್ಣಿನ ಒಳಗಿನ ರೆಟಿನಾ ಸಾಯತೈತಿ. ಹಾರ್ಟೂ ಸೋಲತೈತಿ. ಮರಿ ಹಾಕಿತ್ತೇನ್ರಿ?”

“ಎರಡು ಸಲರೀ. ಒಂದೂ ಉಳೀಲಿಲ್ಲ. ಯಾರದೋ ದೃಷ್ಟಿ ತಾಕೈತಿ ಅಂದ್ಕೊಂಡಿದ್ವಿ.”

ಅವರು ಪೆನ್ನು ಕೆಳಗಿಟ್ಟರು.

“ಕಣ್ಣು ಬರತಾವೇನ್ರೀ?”

“ಹೋದದ್ದು ಬರಂಗಿಲ್ಲರೀ. ಜೀವ ಉಳಿಸಬಹುದು.”

ಟಾರಿನ್ ಗುಳಿಗೆ ಈ ಕಡೆ ಎಲ್ಲೂ ಸಿಗುವುದಿಲ್ಲ ಎಂದರು. ಕೋಳಿಯ ಗುಂಡಿಗೆಯಲ್ಲಿ ಅದು ಹೆಚ್ಚು. ಕುದಿಸಿ ಹಾಕಿ, ಕುದಿಸಿದ ನೀರನ್ನು ಚೆಲ್ಲಬೇಡಿ, ಅದನ್ನೂ ಕುಡಿಸಿ. ಸಿಂಧನೂರಿನ ಕಡೆಯಿಂದ ಮೀನು ಬಂದರೆ ಮುಳ್ಳು ತೆಗೆದು ಹಾಕಿ. ಚೀಟಿಯಲ್ಲಿ ಬರೆದದ್ದು ಇಷ್ಟೇ. ಔಷಧಿಯ ಹೆಸರು ಒಂದೂ ಇರಲಿಲ್ಲ.

ಬಸ್ಸಿನಲ್ಲಿ ಆ ಚೀಟಿ ಹಿಡಿದು ಕೂತಾಗ ಬಂದದ್ದು ಅಳುವಲ್ಲ, ಸಿಟ್ಟು. ಸೂಜಿ ಚುಚ್ಚಿ ಹೋದ ಆ ಕಾಂಪೌಂಡರನ ಮೇಲೆ. ವಿಭೂತಿ ಹಚ್ಚಿದ ಅತ್ತೆಯ ಮೇಲೆ. ಎಲ್ಲಕ್ಕಿಂತ ಹೆಚ್ಚು, ಆ ಗುಬ್ಬಿಯನ್ನು ಕಿತ್ತುಕೊಂಡ ನನ್ನ ಕೈಗಳ ಮೇಲೆ.

ಮರುದಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ಕೋಳಿ ಮಾರುವ ಹುಸೇನಬಿಯ ಅಂಗಡಿಗೆ ಹೋದೆ. ಆ ಕಡೆ ಕಾಲಿಟ್ಟದ್ದು ಅದೇ ಮೊದಲು.

“ಅಕ್ಕಾರ, ನೀವು ಇಲ್ಲಿ?” ಅಂದಳು. ವಿಷಯ ಹೇಳಿದೆ. ಅವಳು ಗುಂಡಿಗೆಗಳನ್ನು ತೊಳೆದು ಕಾಗದದಲ್ಲಿ ಕಟ್ಟಿದಳು. “ಪಾಪ, ಬಾಯಿದ್ದೂ ಕೇಳಾಕ ಬರಲಿಲ್ಲ ಅದಕ್ಕ,” ಅಂದಳು.

ಕೇಳಿತ್ತು. ಮೂರು ವರ್ಷವೂ ಕೇಳಿತ್ತು.

ಮಾಳಿಗೆಯ ಮೇಲೆ ಸೀಮೆಎಣ್ಣೆ ಸ್ಟೋವ್ ಹಚ್ಚಿ, ಮೂಲೆಗೆಸೆದಿದ್ದ ಅಲ್ಯೂಮಿನಿಯಂ ಬೋಗುಣಿಯಲ್ಲಿ ಕುದಿಸಿದೆ. ವಾಸನೆಗೆ ಎರಡು ಸಲ ವಾಂತಿ ಬಂತು. ಗೌರಿ ಮಾತ್ರ ಮೆಟ್ಟಿಲ ಗೋಡೆಗೆ ಡಿಕ್ಕಿ ಹೊಡೆಯುತ್ತ, ಏದುತ್ತ, ತಾನೇ ಹತ್ತಿ ಬಂದಳು. ತಿನ್ನುವಾಗ ಅವಳ ಗಂಟಲಿನಿಂದ ಒಂದು ಸದ್ದು ಬಂತು. ಅಂಥ ಸದ್ದನ್ನು ನಮ್ಮ ಮನೆಯಲ್ಲಿ ಅವಳು ಎಂದೂ ಮಾಡಿರಲಿಲ್ಲ.

ಹಿಂದೆಯೇ ಅತ್ತೆ ಬಂದರು.

“ಏನ್ ಕುದಿಸಾಕತ್ತೀಬೇ?”

“ಕೋಳಿ ಗುಂಡಿಗಿರೀ.”

“ಈ ಮನ್ಯಾಗ? ಲಿಂಗ ಕಟ್ಟಿಕೊಂಡಾಕಿ ನೀ.”

“ನಾವು ಮಾಂಸ ಬಿಟ್ಟಿದ್ದು ನಮ್ಮ ಮನಸ್ಸಿಲೆ ಬಿಟ್ಟೀವ್ರಿ ಅತ್ತಿ. ಬೆಕ್ಕನ್ನ ಯಾರು ಕೇಳಿದ್ರು? ನಮ್ಮ ನೇಮಕ್ಕ ಅದರ ಕಣ್ಣು ತಗೊಂಡೀವಿ. ಐದು ಮರಿ ಮಣ್ಣಾಗ ಇಟ್ಟೀವಿ.”

ಅತ್ತೆಗೆ ಎದುರಾಡಿದ್ದು ಅದೇ ಮೊದಲು. ಅವರು ಮೂರು ದಿನ ನನ್ನ ಕೈಯಿಂದ ನೀರು ಮುಟ್ಟಲಿಲ್ಲ. “ಒಂದು ಬೆಕ್ಕಿನ ಸಲುವಾಗಿ ಮನ್ಯಾಗ ಜಗಳ ಬ್ಯಾಡ,” ಎಂದರು ನಮ್ಮ ಮನೆಯವರು. ಹಾಗಾದರೆ ನೀವೇ ಕುದಿಸಿ ಹಾಕಿ ಎಂದೆ. ಅವರು ಕೆಳಗಿಳಿದು ಅಂಗಡಿಗೆ ಹೋದರು. ನಾನು ದಿನಾ ಕುದಿಸಿದೆ, ಸ್ನಾನ ಮಾಡಿದೆ, ಅಡುಗೆಮನೆಗೆ ಹೋದೆ.

ಮೂರು ತಿಂಗಳಿಗೆ ಗೌರಿಯ ಮೈ ತುಂಬಿತು. ಉಸಿರು ಹದಕ್ಕೆ ಬಂತು. ಮತ್ತೆ ಲಿಂಗಸೂಗೂರಿಗೆ ಒಯ್ದಾಗ ಡಾಕ್ಟರು ಎದೆ ಪರೀಕ್ಷಿಸಿ, “ಹಾರ್ಟ್ ಗಟ್ಟಿ ಆಗೈತ್ರಿ,” ಅಂದರು. ಕಣ್ಣಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಹೋದ ತಿಂಗಳು ನನಗೆ ಜ್ವರ. ಮಧ್ಯಾಹ್ನ ಎದ್ದಾಗ ಗೌರಿಯ ಊಟದ ಹೊತ್ತು ಮೀರಿತ್ತು. ಗೋಡೆ ಹಿಡಿದು ಮೆಟ್ಟಿಲು ಹತ್ತಿದೆ. ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು, ಮುಖ ಆಚೆ ಮಾಡಿ, ಉದ್ದ ಕೋಲಿನಿಂದ ಗುಂಡಿಗೆಯ ಬೋಗುಣಿಯನ್ನು ನೂಕುತ್ತಿದ್ದರು. ಗೌರಿ ತಪ್ಪು ದಿಕ್ಕಿಗೆ ಮೂಸುತ್ತಿದ್ದಳು.

“ಎಡಕ್ಕ ಐತಿ ನೋಡವ್ವ,” ಅನ್ನುತ್ತಿದ್ದರು ಅತ್ತೆ. “ಎಡಕ್ಕ ಬಾ. ಇನ್ನೊಂದೀಟು.”

ನಾನು ಸದ್ದು ಮಾಡದೆ ಇಳಿದು ಬಂದು ಮಲಗಿದೆ. ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ಅವತ್ತು ಕಣ್ಣು ಮುಚ್ಚಿದಾಗ ನಿದ್ದೆ ಬಂತು.