ಆರೂವರೆಯ ಆಟಕ್ಕೆ ಮೊದಲೊಂದು ಊಟ

ನಮ್ಮ ಅತ್ತೆ ಎಪ್ಪತ್ತು ವರ್ಷ ತುಂಬುವವರೆಗೆ ಹೋಟೆಲಿನಲ್ಲಿ ಒಂದು ಲೋಟ ಚಹಾ ಕೂಡ ಕುಡಿದವರಲ್ಲ. ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ಯಾರ ಕೈಯಡುಗೆಯೋ ಏನೋ ಎಂಬ ಅಳುಕು ಬೇರೆ. ಶಿವಮೊಗ್ಗದ ಆಸ್ಪತ್ರೆಗೆ ಹೋದರೂ, ನೆಂಟರ ಮದುವೆಗೆಂದು ದಾವಣಗೆರೆಗೆ ಹೊರಟರೂ ಕೈಚೀಲದಲ್ಲಿ ರೊಟ್ಟಿ, ಚಟ್ನಿಪುಡಿ, ಮೊಸರಿನ ಡಬ್ಬಿ ಇರಲೇಬೇಕು. ಹಾಗಾಗಿ ಶಿಕಾರಿಪುರದಲ್ಲಿ ನಾಟಕ ಕಂಪನಿ ಡೇರೆ ಹಾಕಿದೆ ಎಂಬ ಸುದ್ದಿ ಬಂದ ದಿನ ಅವರು ಆಡಿದ ಮಾತು ನನಗೂ ನನ್ನ ಗಂಡನಿಗೂ ಸರಿಯಾಗಿ ಕೇಳಿಸಿತೋ ಇಲ್ಲವೋ ಅನ್ನಿಸಿತು.

"ನಂಗೂ ಆ ನಾಟಕ ನೋಡ್ಬೇಕು. ಬುತ್ತಿ ಕಟ್ಟೋದು ಬ್ಯಾಡ. ಅಲ್ಲೇ ಹೋಟ್ಲಲ್ಲಿ ಉಣ್ಣಣ."

ಮಾವ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಬದುಕಿದ್ದಾಗ ಗುಡವಿ ಹತ್ತಿರದ ನಮ್ಮ ಊರಿಂದ ಮೆಕ್ಕೆಜೋಳ ಹೇರಿಕೊಂಡು ಅವರು ಶಿಕಾರಿಪುರದ ಮಾರುಕಟ್ಟೆಗೆ ಹೋಗುತ್ತಿದ್ದರು. ಅಲ್ಲಿ ನಾಟಕ ಕಂಪನಿ ಬಂದಿದ್ದರೆ ಅವತ್ತು ಅಲ್ಲೇ ಉಳಿದು, ಖಾನಾವಳಿಯಲ್ಲಿ ಉಂಡು, ನಾಟಕ ನೋಡಿ ಮರುದಿನದ ಬಸ್ಸಿಗೆ ವಾಪಸಾಗುತ್ತಿದ್ದರು. ಬಂದವರು ಎರಡು ದಿನ ಅತ್ತೆಗೆ ನಾಟಕದ ಕಥೆ ಹೇಳುತ್ತಿದ್ದರು. ಕಥೆ ಮುಗಿದ ಮೇಲೆ ಖಾನಾವಳಿಯ ಬದನೆಕಾಯಿ ಎಣ್ಣೆಗಾಯಿಯ ವರ್ಣನೆ ಶುರುವಾಗುತ್ತಿತ್ತು. ಅತ್ತೆಗೆ ಒಮ್ಮೆಯೂ ಜೊತೆಗೆ ಹೋಗಲಾಗಲಿಲ್ಲ. ಆಗ ಮನೆಯಲ್ಲಿದ್ದ ಎಮ್ಮೆ ಅವರ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಆದರೆ ಆ ಎಣ್ಣೆಗಾಯಿಯನ್ನು ಮನೆಯಲ್ಲಿ ಮಾಡಲು ಅವರು ಪಟ್ಟ ಪಾಡನ್ನು ನಾನೇ ಕಂಡಿದ್ದೇನೆ. ಒಮ್ಮೆ ಕೊಬ್ಬರಿ ಹೆಚ್ಚು ಹಾಕಿದರು, ಒಮ್ಮೆ ಚಕ್ಕೆ ಲವಂಗ ಕುಟ್ಟಿ ಹಾಕಿದರು, ಇನ್ನೊಮ್ಮೆ ಹುಣಸೆ ಬಿಟ್ಟು ಮೊಸರು ಹಾಕಿ ನೋಡಿದರು. ಮಾವ ಪ್ರತಿಸಲವೂ ಎರಡು ರೊಟ್ಟಿ ಹೆಚ್ಚಿಗೆ ತಿಂದು ಒಂದೇ ಮಾತು ಹೇಳುತ್ತಿದ್ದರು: "ಚೆನ್ನಾಗೈತೆ. ಆದ್ರೆ ಅದಲ್ಲ."

ಅದೆಂಥದ್ದು ಎಂದು ತಿಳಿಯುವ ಆಸೆ ಅತ್ತೆಗೆ ಇನ್ನೂ ಹೋಗಿರಲಿಲ್ಲ.

ನಾನು ಸೊರಬದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಶನಿವಾರ ಶಾಲೆ ಬೆಳಗಿನದು. ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಅತ್ತೆ ಎರಡನೇ ಸಲ ಸ್ನಾನ ಮಾಡಿ, ಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು ಜಗುಲಿಯಲ್ಲಿ ಕೂತಿದ್ದರು. ಆಟ ಆರೂವರೆಗೆ. ಅದು ಮುಗಿಯುವ ಹೊತ್ತಿಗೆ ಹೋಟೆಲುಗಳು ಬಾಗಿಲು ಹಾಕುತ್ತವೆ, ಆದ್ದರಿಂದ ಮೊದಲೇ ಊಟ ಮಾಡಬೇಕೆಂದು ಲೆಕ್ಕ ಹಾಕಿ ಹೊರಟೆವು. ಶಿರಾಳಕೊಪ್ಪ ದಾಟುವಾಗ ನನ್ನ ಗಂಡ ಕೇಳಿದರು.

"ಅವ್ವ, ಅಪ್ಪ ಹೋಗ್ತಿದ್ದ ಖಾನಾವಳಿ ಹೆಸರೇನಂತೆ?"

"ಹೆಸ್ರು ಯಾವತ್ತು ಹೇಳಿದ್ರು? ಎರಡು ಮೆಟ್ಲು ಇಳಿದು ಒಳಗೆ ಹೋಗ್ಬೇಕಂತೆ. ಗೋಡೆಗೆ ಆಳೆತ್ತರದ ಕನ್ನಡಿ ಐತಂತೆ. ಅಷ್ಟೇ ಗೊತ್ತು."

ಮೆಟ್ಟಿಲು ಹತ್ತಿ ಹೋಗುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಇಳಿದು ಹೋಗುವಂಥವು ಕಡಿಮೆ. ಹುಡುಕಿದರೆ ಸಿಗಬಹುದು ಎಂದು ನನಗೂ ಹುರುಪು ಬಂತು. ಬಸ್‌ ನಿಲ್ದಾಣದ ಆಸುಪಾಸಿನ ಮೂರು ಬೀದಿ ನಡೆದೆವು. ಕೊನೆಗೆ ಒಂದು ಕಡೆ ರಸ್ತೆಗಿಂತ ತಗ್ಗಿನಲ್ಲಿ ಒಂದು ಬಾಗಿಲು ಕಂಡಿತು. ಒಳಗೆ ಫ್ಲೆಕ್ಸ್ ಪ್ರಿಂಟ್ ಹಾಕುವ ಯಂತ್ರ ಗುಂಯ್‌ಗುಡುತ್ತಿತ್ತು. ಅಂಗಡಿಯವರು ಯಾರದೋ ಹುಟ್ಟುಹಬ್ಬದ ಬ್ಯಾನರು ಮಡಚುತ್ತಿದ್ದರು.

"ಇಲ್ಲಿ ಮೊದ್ಲು ಖಾನಾವಳಿ ಇತ್ತೇನಪ್ಪ?" ಎಂದರು ಅತ್ತೆ.

"ಗೊತ್ತಿಲ್ರೀ ಅಮ್ಮ. ನಾನು ಬಾಡಿಗೆಗೆ ತಗಳ್ಳುವಾಗ ಗೊಬ್ಬರದ ಗೋದಾಮು ಇತ್ತು."

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಸೀರೆ ನೆರಿಗೆ ಎತ್ತಿ ಹಿಡಿದು ಇಳಿದರು, ನಾಲ್ಕೂ ಗೋಡೆ ನೋಡಿದರು, ಕನ್ನಡಿ ಇದ್ದದ್ದು ಇಲ್ಲೇ ಇರಬಹುದೇನೋ ಎಂಬಂತೆ ಒಂದು ಕಡೆ ಗಾರೆ ಕಿತ್ತ ಜಾಗವನ್ನು ಬೆರಳಿನಿಂದ ಮುಟ್ಟಿದರು. ಹೊರಗೆ ಬಂದು ನನ್ನ ಕಡೆ ತಿರುಗಿ, "ಮೂರು ಮೆಟ್ಲು ಐತೆ. ನಿಮ್ಮಾವ ಎರಡು ಅಂತಿದ್ರು. ಇದಲ್ಲ ಬಿಡು," ಎಂದರು. ಅವರಿಗೆ ಅದು ಬೇಸರದ ಸಂಗತಿಯೇ ಆಗಿರಲಿಲ್ಲ. ಇನ್ನೂ ಹುಡುಕಬಹುದಲ್ಲ ಎಂಬ ಖುಷಿಯೇ ಮುಖದಲ್ಲಿತ್ತು.

ಆದರೆ ಗಂಟೆ ಐದಾಗುತ್ತಾ ಬಂದಿತ್ತು. ಅಲ್ಲೇ ಎದುರಿನ ದೊಡ್ಡ ದರ್ಶಿನಿಯಂಥ ಹೋಟೆಲಿಗೆ ಹೋದೆವು. ಗಲ್ಲಾದಲ್ಲಿ ಕೂತವರು, "ಈಗ ತಿಂಡಿ ಮಾತ್ರ ರೀ, ಊಟ ಏಳೂವರೆ ಮೇಲೆ," ಎಂದರು. ನಾವು ತಿರುಗಬೇಕು, ಅಷ್ಟರಲ್ಲಿ ಅತ್ತೆ, "ಒಳಗೆ ಒಂಚೂರು ನೋಡ್ಲೇನಪ್ಪ?" ಎಂದು ಕೇಳಿಬಿಟ್ಟರು. ಅಡುಗೆಮನೆಯನ್ನು! ಆತ ನನ್ನ ಗಂಡನ ಮುಖ ನೋಡಿದರು, ನನ್ನ ಗಂಡ ನೆಲ ನೋಡಿದರು. "ಬನ್ನಿ ಅಮ್ಮ," ಎಂದು ಪಾಪ, ಎದ್ದು ಕರೆದುಕೊಂಡು ಹೋದರು. ಐದು ನಿಮಿಷ ಬಿಟ್ಟು ಅತ್ತೆ ಕಣ್ಣರಳಿಸಿಕೊಂಡು ಬಂದರು.

"ಅಡುಗೆ ಮಾಡೋರೆಲ್ಲ ಗಂಡಸ್ರೇ ಕಣೆ! ಒಬ್ಬಾತ ಒಂದೇ ಸಲಕ್ಕೆ ಹನ್ನೆರಡು ದೋಸೆ ಹುಯ್ತಾನೆ. ಒಂದೂ ಸೀಯಲ್ಲ. ಹಿಂಗೆ ಮಾಡಕ್ಕೆ ಬರೋರು ಮನೇಲಿ ಎಂತಕ್ಕೆ ಸುಮ್ನೆ ಕೂತಿರ್ತಾರೆ?"

ಉತ್ತರ ಕೊಡಬೇಕಾದವರು ಕಾರಿನ ಕೀಲಿ ಹುಡುಕುತ್ತಿದ್ದರು.

ಮುಂದಿನದು ನನ್ನ ಗಂಡ ಮೊಬೈಲಿನಲ್ಲಿ ಆರಿಸಿಟ್ಟಿದ್ದ ಫ್ಯಾಮಿಲಿ ರೆಸ್ಟೋರೆಂಟು. ಕಾರು ನಿಲ್ಲಿಸಲು ಜಾಗವಿದೆ ಎನ್ನುವುದು ಅವರ ಮುಖ್ಯ ಕಾರಣ. ಗಾಜಿನ ಬಾಗಿಲು ತೆಗೆದರೆ ಒಳಗೆ ತಣ್ಣಗಿನ ಮಬ್ಬುಗತ್ತಲೆ. "ಕರೆಂಟ್ ಹೋಗೈತಾ?" ಎಂದರು ಅತ್ತೆ. ಇಲ್ಲ, ಹೀಗೆಯೇ ಇಟ್ಟಿರುತ್ತಾರೆ ಎಂದು ಹೇಳಿದೆ. "ಉಣ್ಣೋದು ಏನಂತ ಕಾಣಬಾರ್ದಾ?" ಎಂದವರು ಮೂಗಿಗೆ ಸೆರಗು ಹಿಡಿದು ನಿಂತರು. ಪಕ್ಕದ ಮೇಜಿಗೆ ಚಿಕನ್ ಬಂದಿತ್ತು. ನಾವು ಸುಮ್ಮನೆ ಹೊರಗೆ ಬಂದೆವು.

ಹೊಟ್ಟೆ ಚುರುಗುಟ್ಟುತ್ತಿತ್ತು. ಮೊದಲು ಟಿಕೆಟಾದರೂ ತೆಗೆದುಕೊಳ್ಳೋಣ ಎಂದು ಡೇರೆಯ ಹತ್ತಿರ ಹೋದೆವು. ಟಿಕೆಟ್ ಕೊಡುವವರನ್ನು ಅತ್ತೆಯೇ ಕೇಳಿದರು: "ನಿಮ್ ನಾಟಕದೋರು ಹೊಟ್ಟೆಗೆ ಎಂತ ಮಾಡ್ತಾರಪ್ಪ? ಆರೂವರೆಗೆ ಕುಣೀಬೇಕಂದ್ರೆ ಯಾವಾಗ ಉಣ್ತಾರೆ?"

ನಮ್ಮಿಬ್ಬರಿಗೂ ಹೊಳೆಯದ ಪ್ರಶ್ನೆ ಅದು. ಆತ ನಕ್ಕು, "ಹಿಂದಿನ ಓಣಿಯಾಗ ಖಾನಾವಳಿ ಐತ್ರಿ. ನಮ್ಮ ಸಲುವಾಗಿ ಐದಕ್ಕ ಅಡುಗಿ ಮಾಡಿರ್ತಾರ. ನೀವೂ ಹೋಗ್ರಿ," ಎಂದರು.

ಮನೆಯ ಮುಂಭಾಗವನ್ನೇ ಖಾನಾವಳಿ ಮಾಡಿದ್ದರು. ಇಳಿಯಲು ಮೆಟ್ಟಿಲೂ ಇಲ್ಲ, ಕನ್ನಡಿಯೂ ಇಲ್ಲ. ನಡೆಸುವಾಕೆ ಬ್ಯಾಡಗಿ ಕಡೆಯವರು, ಐವತ್ತರ ಮೇಲಿನ ಗಟ್ಟಿ ಹೆಂಗಸು. "ಬರ್ರಿ ಯವ್ವಾ, ಕುಂದರ್ರಿ," ಎಂದು ನೀರು ತಂದಿಟ್ಟರು. ಅತ್ತೆ ಇಲ್ಲಿ ಅಡುಗೆಮನೆ ನೋಡುತ್ತೇನೆ ಎನ್ನಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುವುದು ಕೂತಲ್ಲಿಂದಲೇ ಕಾಣುತ್ತಿತ್ತು. ತಟ್ಟೆಗೆ ರೊಟ್ಟಿ ಬಂತು, ಅದರ ಪಕ್ಕಕ್ಕೆ ಎಣ್ಣೆಗಾಯಿ.

ಅತ್ತೆ ಒಂದು ತುತ್ತು ತಿಂದರು. ಎರಡನೇ ತುತ್ತಿಗೆ ಕಣ್ಣು ಮುಚ್ಚಿದರು.

"ಹುಚ್ಚೆಳ್ಳು ಹಾಕೀರೇನ್ರಿ ಇದಕ್ಕೆ?"

"ಇಲ್ರೀ ಯವ್ವಾ. ಗುರೆಳ್ಳು."

"ಹುಚ್ಚೆಳ್ಳು ಅಲ್ವಾ?"

"ಅದೇನೋ ನಂಗ ಗೊತ್ತಿಲ್ರಿ. ನಾವು ಹಾಕೋದು ಗುರೆಳ್ಳು."

ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಆಕೆ ಒಳಗೆ ಹೋಗಿ ಅಂಗೈಯಲ್ಲಿ ಒಂದಿಷ್ಟು ಕಾಳು ತಂದು ತೋರಿಸಿದರು. ಸಣ್ಣಗೆ, ಕಪ್ಪಗೆ ಹೊಳೆಯುವ ಕಾಳು. "ಇದೇ ನಮ್ ಹುಚ್ಚೆಳ್ಳು!" ಎಂದು ಅತ್ತೆ ಗಟ್ಟಿಯಾಗಿ ನಕ್ಕರು, ಆಕೆಯೂ ನಕ್ಕರು. ನಮ್ಮ ಮನೆಯಲ್ಲಿ ಹುಚ್ಚೆಳ್ಳು ಚಟ್ನಿಪುಡಿಗೆ ಬಳಕೆ. ಅದನ್ನು ಹುರಿದು ಎಣ್ಣೆಗಾಯಿಗೆ ತುಂಬಬಹುದೆಂದು ಇಷ್ಟು ವರ್ಷ ಯಾರಿಗೂ ತೋಚಿರಲಿಲ್ಲ.

ಅತ್ತೆ ಮೆಲ್ಲಗೆ ಕೇಳಿದರು. "ನಮ್ ಮನೆಯೋರು ಇಲ್ಲಿಗೆ ಬರ್ತಿದ್ರೇನೋ. ಎತ್ತರಕ್ಕಿದ್ರು, ಬಿಳೀ ಪಂಚೆ, ಊಟ ಆದ್ಮೇಲೆ ಎರಡು ಲೋಟ ಮಜ್ಜಿಗೆ ಕುಡಿಯೋರು."

ಆಕೆ ಖಾಲಿಯಾದ ಲೋಟಕ್ಕೆ ನೀರು ಹಾಕುತ್ತಾ ಹೇಳಿದರು. "ಅಂಥೋರು ದಿನಾ ಹತ್ತು ಮಂದಿ ಬರ್ತಾರ್ರಿ. ನೆನಪೈತಿ ಅಂತ ಸುಳ್ಳು ಹೇಳಾಕ ಬರಂಗಿಲ್ಲ."

"ನಿಜ ಹೇಳಿದ್ಯಲ್ಲ, ಅಷ್ಟು ಸಾಕು," ಎಂದರು ಅತ್ತೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಪಕ್ಕದಲ್ಲಿ ನಾಟಕದ ಹೆಂಗಸೊಬ್ಬರು ಮುಖಕ್ಕೆ ಆಗಲೇ ಬಣ್ಣ ಹಚ್ಚಿಕೊಂಡು ನಾಲ್ಕು ತುತ್ತು ಮೊಸರನ್ನ ಮಾತ್ರ ಉಣ್ಣುತ್ತಿದ್ದರು. "ಅಷ್ಟೇನಾ ಊಟ?" ಎಂದು ಅತ್ತೆ ಅವರನ್ನೂ ಬಿಡಲಿಲ್ಲ. "ಹೊಟ್ಟಿ ತುಂಬಿದ್ರ ದನಿ ಏಳಂಗಿಲ್ಲ ಯವ್ವಾ. ಆಟ ಮುಗಿದ ಮ್ಯಾಲ ಉಣ್ತೀನಿ," ಎಂದು ಆಕೆ ಎದ್ದರು. ಹೊರಡುವಾಗ ನನ್ನ ಗಂಡ ಕೇಳಿಯೇಬಿಟ್ಟರು: "ಅವ್ವ, ಅಪ್ಪ ಹೇಳ್ತಿದ್ದ ಎಣ್ಣೆಗಾಯಿ ಇದೇನಾ?"

"ಯಾರಿಗೊತ್ತು? ಇದ್ರೂ ಇರ್ಬಹುದು. ಚೆನ್ನಾಗೈತೆ."

ಡೇರೆಯಲ್ಲಿ ಮುಂದಿನಿಂದ ಮೂರನೇ ಸಾಲಿನಲ್ಲಿ ಕೂತೆವು. ಅತ್ತೆ ಸೊಸೆಯರ ಜಗಳದ ನಾಟಕ. ಮೊಸರನ್ನ ಉಂಡ ಹೆಂಗಸೇ ನಾಟಕದ ಬಜಾರಿ ಅತ್ತೆ. ಆ ದನಿಗೆ ಡೇರೆಯ ಬಟ್ಟೆಯೇ ಅದುರುವಂತಿತ್ತು. ಅರ್ಧ ಗಂಟೆಗೆ ಹಾಸ್ಯದವರು ಬಂದರು. ಅವರ ಮಾತುಗಳಿಗೆಲ್ಲ ಎರಡೆರಡು ಅರ್ಥ. ನಾನು ತಲೆ ತಗ್ಗಿಸಿದೆ. ನನ್ನ ಗಂಡ ಮೊಬೈಲಿನಲ್ಲಿ ಏನೋ ಮುಖ್ಯವಾದದ್ದು ಓದತೊಡಗಿದರು. ತಾಯಿಯನ್ನು ಕರೆತಂದು ತಪ್ಪು ಮಾಡಿದೆವೇನೋ ಎಂದು ಇಬ್ಬರಿಗೂ ದಿಗಿಲು.

ಅತ್ತೆ ನನ್ನ ಮೊಣಕೈ ತಿವಿದರು. ನೋಡಿದರೆ ಸೆರಗು ಬಾಯಿಗೆ ಒತ್ತಿ ಹಿಡಿದು ಮೈಯೆಲ್ಲ ಕುಲುಕಿಸಿಕೊಂಡು ನಗುತ್ತಿದ್ದಾರೆ, ಕಣ್ಣಲ್ಲಿ ನೀರು.

"ಎಂಥ ಕಳ್ಳ ನೋಡು ನಿಮ್ಮಾವ! ನಲವತ್ತು ವರ್ಷ ಕಥೆ ಹೇಳಿದ್ರು, ಇದನ್ನೊಂದ್ ದಿನಾನೂ ಬಾಯಿ ಬಿಟ್ಟಿರ್ಲಿಲ್ಲ!"

ಆಮೇಲೆ ನಾನೂ ಧೈರ್ಯವಾಗಿ ನಕ್ಕೆ. ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ನೋಡುವಷ್ಟು ನಕ್ಕೆವು.

ಅದಾಗಿ ಒಂದು ವಾರಕ್ಕೆ ಪಿಂಚಣಿಯ ಕೆಲಸಕ್ಕೆಂದು ಅತ್ತೆ ನನ್ನ ಜೊತೆ ಸೊರಬಕ್ಕೆ ಬಂದಿದ್ದರು. ಬ್ಯಾಂಕಿನ ಕೆಲಸ ಬೇಗ ಮುಗಿಯಿತು. ಬಸ್‌ ನಿಲ್ದಾಣದ ಎದುರು ನಿಂತವರು ಹೋಟೆಲೊಂದರ ಒಳಗೆ ಇಣುಕಿ, "ಅವ್ರು ತಿಂತಿರೋದು ಎಂತದು, ಉಬ್ಬಿಕೊಂಡೈತಲ್ಲ?" ಎಂದರು. ಬನ್ಸ್ ಎಂದೆ. ಬಾಳೆಹಣ್ಣು ಹಾಕಿ ಕಲಸಿ ಎಣ್ಣೆಯಲ್ಲಿ ಕರೀತಾರೆ ಎಂದೂ ಹೇಳಿದೆ.

"ಬಾಳೆಹಣ್ಣನ್ನ ಕರೀತಾರಾ?" ಎನ್ನುತ್ತಾ ನನಗಿಂತ ಮುಂದೆ ಒಳಗೆ ನಡೆದರು.