ಲದ್ದಿ ಬೀಳುವವರೆಗೆ

ಡಾಕ್ಟರಮ್ಮನ ಬಲಗೆನ್ನೆಯ ಮೇಲೆ ಯಾವಾಗಲೂ ಒಂದೆರಡು ಕುದುರೆ ಕೂದಲು ಅಂಟಿಕೊಂಡಿರುತ್ತಿದ್ದವು. ಸ್ಟೆತಸ್ಕೋಪಿನಲ್ಲಿ ಹೊಟ್ಟೆಯ ಸದ್ದು ಕೇಳಿದ ಮೇಲೂ ಅವರಿಗೆ ಸಮಾಧಾನವಿಲ್ಲ. ಕಿವಿಯನ್ನೇ ಕುದುರೆಯ ಪಕ್ಕೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಕೂದಲು ಹೊತ್ತುಕೊಂಡೇ ಗಡಿಯೂರು ಮಕ್ತಲ್‌ನ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಬಂದು ಚಹಾ ಕುಡಿಯುತ್ತಿದ್ದರು. ಅದನ್ನು ಅವರಿಗೆ ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ದನದ ದವಾಖಾನೆಯ ವೈದ್ಯೆ. ನಮಗೆಲ್ಲ ಡಾಕ್ಟರಮ್ಮ. ನಮ್ಮದೋ, ಗದ್ವಾಲ ಸಂಸ್ಥಾನದ ಲಾಯದಲ್ಲಿ ಕುದುರೆಗಳಿಗೆ ಹುಲ್ಲು ಹಾಕಿದ ಘನವಂಶ. ಸಂಸ್ಥಾನ ಹೋಯಿತು, ಲಾಯ ಹೋಯಿತು. ಉಳಿದದ್ದು ನಾನು, ಮತ್ತು ಮದುವೆ ಮೆರವಣಿಗೆಯಲ್ಲಿ ವರರನ್ನು ಹೊರುವ ಬಿಳಿ ಹೆಣ್ಣುಕುದುರೆ ಬೇಗಂ. ಬ್ಯಾಂಡು ಕೇಳಿದರೆ ನಿಂತಲ್ಲೇ ಹೆಜ್ಜೆ ಹಾಕುವುದು ಅವಳ ವಿದ್ಯೆ. ಕುಣಿಯದ ಕುದುರೆಯ ಮೇಲೆ ಬಂದ ವರನಿಗೆ ನಮ್ಮ ಕಡೆ ಅರ್ಧ ಮದುವೆಯಷ್ಟೇ ಆದಂತೆ.

ಒಂದು ಬೇಸಿಗೆ, ಸಂಜೆಗೆ ಮೆರವಣಿಗೆಯಿದ್ದ ದಿನವೇ ಮಧ್ಯಾಹ್ನ ಬೇಗಂ ಹೊಟ್ಟೆ ನೋವಿನಿಂದ ನೆಲಕ್ಕೆ ಬಿದ್ದು ಹೊರಳಾಡತೊಡಗಿದಳು. ತಿಂದಿದ್ದ ಜೋಳದ ಒಣ ಸೊಪ್ಪೆ ಕರುಳಲ್ಲಿ ಕಟ್ಟಿಕೊಂಡಿತ್ತು. ಡಾಕ್ಟರಮ್ಮ ಬಂದವರೇ ಕುತ್ತಿಗೆಯ ರಕ್ತನಾಳಕ್ಕೆ ಮೊದಲು ಮಂಪರಿನ ಮದ್ದು ಕೊಟ್ಟರು. ಅವಳ ತಲೆ ಮೊಣಕಾಲಿನ ಮಟ್ಟಕ್ಕೆ ಜೋಲುವ ತನಕ ಕಾದು, ಆಮೇಲೆ ಬ್ಯುಟಾರ್ಫನಾಲ್ ಎಂಬುದನ್ನು ಕೊಟ್ಟರು.

“ಇದು ಅಫೀಮಿನ ಕುಲದ್ದು, ಕಾಕಾ. ನೋವಿಗೆ ಭಾಳ ಚಲೋ. ಆದ್ರ ಮನಷ್ಯಾ ತೂಕಡಸ್ತಾನ, ಕುದ್ರಿ ಜಿಗೀತೈತಿ. ಅದಕ್ಕ ಮೊದಲು ಮಂಪರು.”

“ನಮ್ಮ ಮಂದ್ಯಾಗೂ ಜಿಗಿಯೋರು ಅದಾರ್ರೀ,” ಎಂದೆ.

ನಗಲಿಲ್ಲ. ಕೈಯಲ್ಲಿ ಸೂಜಿಯಿದ್ದಾಗ ಅವರು ನಗುತ್ತಿರಲಿಲ್ಲ. ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಗೆ ಎಣ್ಣೆ ಬಿಟ್ಟರು. ಬೇಗಂ ಶಾಂತಳಾದಳು.

ಬಿಸಿಲು ಇಳಿಯುವ ಹೊತ್ತಿಗೆ ಬ್ಯಾಂಡಿನ ಸಮೇತ ವರನ ಸೋದರಮಾವ ಬಂದು ಅಂಗಳದಲ್ಲಿ ನಿಂತ. ಅಷ್ಟರಲ್ಲಿ ಮಂಪರು ಇಳಿದಿತ್ತು, ಅಫೀಮಿನ ಕುಲದ್ದು ಇನ್ನೂ ಒಳಗಿತ್ತು. ಬೇಗಂ ತಲೆ ಆಡಿಸುತ್ತ ಒಂದೊಂದೇ ಕಾಲು ಎತ್ತಿಡತೊಡಗಿದಳು. ಬ್ಯಾಂಡಿನವರಿಗೆ ಇಷ್ಟು ಸಾಕಾಯಿತು, ಬಾರಿಸಿಯೇ ಬಿಟ್ಟರು.

“ನೋಡ್ರೀ, ಹೆಂಗ ಕುಣಿಯಾಕ ಹತ್ತೈತಿ! ಇದಕ್ಕ ಜಡ್ಡು ಅಂತಾರೇನ್ರೀ? ಜೀನು ಹಾಕು ಕಾಕಾ!” ಎಂದ ಮಾವ.

ಸತ್ಯ ಹೇಳಬೇಕೆಂದರೆ ನನ್ನ ಕಣ್ಣಿಗೂ ಅದು ಕುಣಿತವೇ. ಮೂವತ್ತು ವರ್ಷ ಕುಣಿತವನ್ನೇ ನೋಡಿದ ಕಣ್ಣು. ಡಾಕ್ಟರಮ್ಮ ಮಾತ್ರ ಹೋಗಿ, ನೆಲದ ಮೇಲಿದ್ದ ಜರಿಯ ಜೀನಿನ ಮೇಲೆ ಕೂತುಬಿಟ್ಟರು.

“ಅದು ಕುಣಿತ ಅಲ್ರೀ, ಮದ್ದು. ನೋವು ಮುಚ್ಚೈತಿ, ಹೋಗಿಲ್ಲ. ಈ ಮದ್ದಿಗೆ ಕರಳೂ ಮಂದ ಆಗ್ತಾವ. ಲದ್ದಿ ಬೀಳೋತನಕ ಇದರ ಮ್ಯಾಲ ಯಾರೂ ಕೂಡಂಗಿಲ್ಲ.”

“ಮುಹೂರ್ತ ಮೀರ್ತೈತಮ್ಮಾ! ಲದ್ದಿಗೂ ಮುಹೂರ್ತ ತೆಗಸೂನೇನು?”

“ತೆಗಸ್ರಿ. ನಿಮ್ಮ ಹುಡುಗ ಆಟೋದಾಗೂ ಹೋಗ್ತಾನ. ಇದರ ಕರಳು ಒಡದ್ರ ಇದು ಎದರಾಗೂ ಹೋಗಂಗಿಲ್ಲ.”

ಮಾವ ತೆಲುಗಿಗೆ ಹೊರಳಿದ, ಆಮೇಲೆ ಉರ್ದುವಿಗೆ. ಡಾಕ್ಟರಮ್ಮ ಮೂರೂ ಭಾಷೆಯಲ್ಲಿ ಜೀನಿನ ಮೇಲೆಯೇ ಕೂತಿದ್ದರು.

ಕೊನೆಗೆ ವರ ಹೂ ಸುತ್ತಿದ ಆಟೋದಲ್ಲಿ ಹೊರಟ. ಬ್ಯಾಂಡಿನ ಸದ್ದು ಬಜಾರು ಮುಟ್ಟುವಷ್ಟರಲ್ಲಿ ಬೇಗಂಳ ಹೆಜ್ಜೆ ನಿಂತಿತು. ತಿರುಗಿ ತನ್ನ ಹೊಟ್ಟೆ ನೋಡಿಕೊಂಡಳು. ಮಂಡಿ ಮಡಚಿ ಕುಸಿದಳು. ಆ ಗಳಿಗೆಯಲ್ಲಿ ಅವಳ ಬೆನ್ನ ಮೇಲೆ ವರನಿರಬೇಕಿತ್ತು, ಸುತ್ತಲೂ ಪಟಾಕಿ. ಡಾಕ್ಟರಮ್ಮ ಜೀನಿನಿಂದ ಎದ್ದರು. ಮತ್ತೆ ಮಂಪರು, ಮತ್ತೆ ಮದ್ದು, ಮತ್ತೆ ಪಕ್ಕೆಗೆ ಕಿವಿ.

ಲದ್ದಿ ಬಿದ್ದದ್ದು ಮರುದಿನ ಬೆಳಿಗ್ಗೆ. ಅವರು ಪೂರ್ಣಾಹುತಿಗೆ ಎದ್ದವರಂತೆ ಎದ್ದು ನಿಂತು, ಅದನ್ನು ಕೈಯಲ್ಲಿ ಮುರಿದು ನೋಡಿ, ಆಗ ನಕ್ಕರು. “ಈಗ ನಂಬ್ತೀನಿ.”

ಕೆಲವು ವರ್ಷಗಳ ಮೇಲೆ ಅವರಿಗೇ ಕ್ಯಾನ್ಸರ್ ಆಗಿ ರಾಯಚೂರಿನ ಆಸ್ಪತ್ರೆ ಸೇರಿದರು. ಒಂದು ಸಂಜೆ ಫೋನು ಬಂತು.

“ಕಾಕಾ, ಈಗ ನನಗೂ ಅಫೀಮಿನ ಕುಲದ್ದೇ ಕೊಡಾಕ ಹತ್ಯಾರ. ಕುಣಿಯಾಕ ಮಾತ್ರ ಬರವಲ್ದು.”

“ನೋವು ಹೆಂಗೈತ್ರೀ?” ಎಂದೆ.

“ಮುಚ್ಚೈತಿ,” ಎಂದರು. “ಬೇಗಂ ಹೊಟ್ಟಿ ಕೇಳಸ್ರಿ.”

ಕೊಟ್ಟಿಗೆಗೆ ಹೋಗಿ ಫೋನನ್ನು ಅವಳ ಪಕ್ಕೆಗೆ ಹಿಡಿದೆ.

“ಎಡಗಡಿ ಆತು. ಬಲಗಡಿ ಹಿಡೀರಿ.”

ಬಲಗಡೆ ದೂರದ ಗುಡುಗಿನಂತೆ ಏನೋ ಉರುಳಿತು. “ಹಾಂ,” ಎಂದರು. ನಾನು ಕೇಳಿದ ಅವರ ಕಡೆಯ ಮಾತು ಅದು. ಆ ವಾರವೇ ಹೋದರು.

ಈಗಲೂ ಜೀನು ಹಾಕುವ ಮೊದಲು ಬೇಗಂಳ ಎರಡೂ ಪಕ್ಕೆಗೆ ಕಿವಿ ಒತ್ತಿ ನಿಲ್ಲುತ್ತೇನೆ. ಹೊರಗೆ ಬ್ಯಾಂಡು ಅವಸರಪಡುತ್ತದೆ. ಮಾವಂದಿರು ಗಡಿಯಾರ ತೋರಿಸುತ್ತಾರೆ. ಲದ್ದಿ ಬೀಳಲಿ, ಎನ್ನುತ್ತೇನೆ. ಬಿದ್ದ ಮೇಲೆಯೇ ಮೆರವಣಿಗೆ. ಆಮೇಲೆ ಹೋಟೆಲಿಗೆ ಹೋಗಿ ಚಹಾ ಕುಡಿಯುತ್ತೇನೆ. ನನ್ನ ಕೆನ್ನೆಯ ಮೇಲಿನ ಕೂದಲಿನ ಬಗ್ಗೆ ಇದುವರೆಗೆ ಯಾರೂ ಏನೂ ಹೇಳಿಲ್ಲ.